‘ಕಾಣೆ’ ಎಂಬ ಒಂದು ಮಾತು

ಕನ್ನಡ ದಿನಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಗದ್ಯಪ್ರಕಾರವಿದೆ. ಅದನ್ನು ಪ್ರಕಾರವೆಂದು ಎಣಿಸಿದ ವಿಮರ್ಶಕರನ್ನು ನಾನು ಕಾಣೆ. ಒಳಪುಟದ ಯಾವುದೋ ಮೂಲೆಯಲ್ಲಿ, ಹರಾಜಿನ ಪ್ರಕಟಣೆಗೂ ಮಳೆಯ ವರದಿಗೂ ನಡುವೆ, ಆರೇಳು ಸಾಲುಗಳಲ್ಲಿ ಅದು ಮುಗಿದುಹೋಗುತ್ತದೆ. ಇಂಥ ಗ್ರಾಮದ, ಇಷ್ಟು ವರ್ಷ ವಯಸ್ಸಿನ ಇಂಥವರು ಇಂಥ ದಿನ ಮನೆಯಿಂದ ಹೊರಗೆ ಹೋದವರು ಮರಳಿ ಬಂದಿರುವುದಿಲ್ಲ, ದುಂಡುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಹೋಗುವಾಗ ಬಿಳಿಯ ಅಂಗಿ, ನೀಲಿ ಪ್ಯಾಂಟು ಧರಿಸಿದ್ದರು, ಕನ್ನಡ ಮಾತನಾಡುತ್ತಾರೆ, ಸುಳಿವು ದೊರೆತವರು ಠಾಣೆಗೆ ತಿಳಿಸಬೇಕಾಗಿ ಕೋರಿಕೆ. ಮುಖವು ದುಂಡು ಅಥವಾ ಕೋಲು. ಮೈಬಣ್ಣ ಗೋಧಿ, ಎಣ್ಣೆಗೆಂಪು, ಕಪ್ಪು, ಈ ಮೂರರಲ್ಲಿ ಒಂದು. ಮೈಕಟ್ಟಂತೂ ಸದಾ ಸಾಧಾರಣ. ಇಪ್ಪತ್ತು ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವರೂ ಠಾಣೆಯ ಮೇಜಿನ ಮುಂದೆ ನಿಂತು ತಮ್ಮವರ ಗುರುತು ಹೇಳಹೊರಟಾಗ, ನಕ್ಕಾಗ ಅವನ ಕಣ್ಣು ಹೇಗೆ ಕಿರಿದಾಗುತ್ತಿತ್ತೆಂಬುದನ್ನು ಹೇಳಲಾರರು; ಹೇಳಿದರೂ ಅದನ್ನು ಬರೆದುಕೊಳ್ಳುವ ಅಂಕಣ ಆ ನಮೂನೆಯಲ್ಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೆಸರು ಹೊತ್ತ ಇಂಥ ಪ್ರಕಟಣೆಗಳನ್ನು ನಾನು ವಿಶೇಷ ಆಸಕ್ತಿಯಿಂದ ಓದುವವನು. ಈ ಸೀಮೆಯಿಂದ ಹೊರಟುಹೋಗುವುದು ಬಲು ಸುಲಭ. ಬೆಂಗಳೂರು-ಪುಣೆ ಹೆದ್ದಾರಿ ಹಿರಿಯೂರನ್ನೂ ದುರ್ಗವನ್ನೂ ಹಾದುಹೋಗುತ್ತದೆ. ಹಿರಿಯೂರಿನಲ್ಲಿ ಅದನ್ನು ಬಳ್ಳಾರಿ ಕಡೆಯಿಂದ ಹುಳಿಯಾರಿನ ಕಡೆಗೆ ಹೋಗುವ ದಾರಿ ಅಡ್ಡ ಹಾಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ನಿಂತವನಿಗೆ ಬೆಂಗಳೂರು, ಹುಬ್ಬಳ್ಳಿ, ದುರ್ಗ, ಮೂರು ದಿಕ್ಕಿನ ಹಳಿಗಳೂ ತೆರೆದಿವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಯನ್ನರಸಿ ಊರು ಬಿಡುವುದು ಇಲ್ಲಿಯ ಜನಕ್ಕೆ ಹೊಸದಲ್ಲ. ಆದುದರಿಂದ ಒಬ್ಬನು ಹೋದನೆಂದರೆ ಮೊದಲ ಕೆಲವು ದಿನ ಅದು ‘ಹೋಗಿರುವುದು’ ಮಾತ್ರ. ಎಂದಿನಿಂದ ಅದು ‘ಕಾಣೆಯಾಗಿರುವುದು’ ಎಂದು ಬದಲಾಗುತ್ತದೆ? ಆ ಗೆರೆಯನ್ನು ಎಳೆಯುವವರು ಯಾರು? ಎಲ್ಲ ಶೋಧನೆಯೂ ಮೊದಲಾಗುವುದು ಇಲ್ಲಿಂದಲೇ.

ಮೊದಲು ಆ ಮಾತನ್ನೇ ಕೊಂಚ ನೋಡೋಣ. ಊರು ಬಿಟ್ಟವರನ್ನು ಕುರಿತು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಸಾಲಗಾರ ‘ಪರಾರಿ’ಯಾಗುತ್ತಾನೆ, ಆರೋಪಿ ‘ತಲೆಮರೆಸಿಕೊಳ್ಳುತ್ತಾನೆ’, ಬೇಸತ್ತವನು ‘ದೇಶಾಂತರ’ ಹೋಗುತ್ತಾನೆ, ಹೆಣ್ಣು, ಕಾರಣವೇನೇ ಇರಲಿ, ‘ಓಡಿಹೋಗುತ್ತಾಳೆ’. ಶರಣರಾದರೆ ‘ಐಕ್ಯ’ರಾಗುತ್ತಾರೆ, ‘ಬಯಲಾಗುತ್ತಾರೆ’. ಅವರನ್ನು ಹುಡುಕಲು ಯಾರೂ ಹೋಗುವುದಿಲ್ಲ. ಈ ಪ್ರತಿಯೊಂದು ಮಾತಿನಲ್ಲಿಯೂ ಹೋದವನ ಮೇಲೆ ಒಂದು ತೀರ್ಪು ಅಡಗಿದೆ. ‘ನಾಪತ್ತೆ’ಯಲ್ಲಿ ತೀರ್ಪಿಲ್ಲ, ಆದರೆ ಅದು ಕಚೇರಿಯ ಮಾತು. ‘ಕಾಣೆ’ ಹಾಗಲ್ಲ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಅದು ‘ಕಾಣು’ ಧಾತುವಿನ ನಿಷೇಧರೂಪವೆಂದೂ, ಅದರಲ್ಲಿಯೂ ಉತ್ತಮಪುರುಷವೆಂದೂ ನನಗೆ ತೋರುತ್ತದೆ: ನಾನು ಕಾಣೆನು, ನಾನು ಕಾಣೆ. ಹಾಗಾದರೆ ‘ಅವನು ಕಾಣೆಯಾದ’ ಎಂದಾಗ ನಾವು ಅವನ ವಿಷಯ ಹೇಳುತ್ತಿಲ್ಲ; ‘ನಾನು ಅವನನ್ನು ಕಾಣಲಾರೆ’ ಎಂದು ನಮ್ಮ ವಿಷಯವನ್ನೇ ಹೇಳುತ್ತಿದ್ದೇವೆ. ಹುಡುಕುವವನೊಬ್ಬನಿಲ್ಲದೆ ಯಾರೂ ಕಾಣೆಯಾಗುವಂತಿಲ್ಲ. ಇದು ಬರಿಯ ಶಬ್ದಚಮತ್ಕಾರವಲ್ಲವೆಂಬುದು ಮುಂದೆ ತಿಳಿದೀತು.

ಮಕ್ಕಳ ವಿಷಯದಲ್ಲಿ ಕಾನೂನಿಗೆ ಈಗ ಗೊಂದಲವಿಲ್ಲ. ಮಗುವೊಂದು ಕಾಣದಾದರೆ ಅಪಹರಣವೋ ಸಾಗಾಣಿಕೆಯೋ ನಡೆದಿದೆಯೆಂದೇ ಮೊದಲಿಗೆ ಭಾವಿಸಿ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು ೨೦೧೩ರಲ್ಲಿ ಆದೇಶಿಸಿತು. ವಯಸ್ಕನ ವಿಷಯ ಬೇರೆ. ಹದಿನೆಂಟು ತುಂಬಿದವನಿಗೆ ಹೇಳದೆ ಕೇಳದೆ ಹೊರಟುಹೋಗುವ ಸ್ವಾತಂತ್ರ್ಯವಿದೆ. ಮನೆ ಬಿಡುವುದು ಅಪರಾಧವಲ್ಲ. ೨೦೧೮ರಲ್ಲಿ ಕೇರಳದ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ವಯಸ್ಕಳಾದವಳು ಎಲ್ಲಿರಬೇಕು, ಯಾರೊಡನೆ ಬಾಳಬೇಕು ಎಂಬುದು ಅವಳ ಇಚ್ಛೆಗೇ ಸೇರಿದ್ದೆಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಆದಕಾರಣ ಠಾಣೆಯ ಅಧಿಕಾರಿಯ ಮುಂದೆ ಎರಡು ಸತ್ಯಗಳು ಒಟ್ಟಿಗೆ ನಿಲ್ಲುತ್ತವೆ. ಇವನು ತಾನಾಗಿ ಹೋಗಿರಬಹುದು, ಹಾಗಿದ್ದರೆ ಹುಡುಕುವುದೇ ಒಂದು ಅತಿಕ್ರಮಣ. ಇವನಿಗೆ ಏನೋ ಆಗಿರಬಹುದು, ಹಾಗಿದ್ದರೆ ಕಳೆದ ಪ್ರತಿಯೊಂದು ಗಂಟೆಯೂ ನಷ್ಟ. ಇಪ್ಪತ್ತನಾಲ್ಕು ಗಂಟೆ ಕಾದು ಬಂದು ದೂರು ಕೊಡಬೇಕೆಂಬ ನಂಬಿಕೆ ಜನರಲ್ಲಿದೆ. ಅಂಥ ನಿಯಮವನ್ನು ಯಾವ ಕಾನೂನೂ ಹೇಳಿಲ್ಲ. ಸಿನಿಮಾಗಳಿಂದ ಬಂದ ಶಾಸ್ತ್ರವಿರಬೇಕು.

ಹುಡುಕುವ ಕ್ರಮವಾದರೋ ನೀರಸವಾದದ್ದು. ಕಡೆಯ ಸಲ ಕಂಡವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ? ಕೈಯಲ್ಲಿ ಹಣವಿತ್ತೇ, ಔಷಧಿಯ ಅಭ್ಯಾಸವಿತ್ತೇ, ಯಾರೊಡನೆಯಾದರೂ ಜಗಳವಾಗಿತ್ತೇ? ದೂರವಾಣಿ ಕಡೆಗೆ ಯಾವ ಗೋಪುರದ ವ್ಯಾಪ್ತಿಯಲ್ಲಿ ಉಸಿರಾಡಿತು? ಬ್ಯಾಂಕಿನ ಖಾತೆ ಆಮೇಲೆ ಮಿಸುಕಿತೇ? ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ ಅದೇ ಪತ್ರಿಕೆಯ ಅದೇ ಪುಟದಲ್ಲಿ ಎರಡನೆಯ ಬಗೆಯ ಪ್ರಕಟಣೆಯೊಂದು ಬರುತ್ತಿರುತ್ತದೆ: ಇಂಥ ಕೆರೆಯಲ್ಲಿ, ಇಂಥ ರೈಲುಹಳಿಯ ಪಕ್ಕದಲ್ಲಿ ಅಪರಿಚಿತ ಶವ, ಸುಮಾರು ಇಷ್ಟು ವಯಸ್ಸು, ಬಲಗೈಯ ಮೇಲೆ ಹಚ್ಚೆ, ವಾರಸುದಾರರಿದ್ದಲ್ಲಿ ಸಂಪರ್ಕಿಸಬಹುದು. ಒಂದರಲ್ಲಿ ಹೆಸರಿದೆ, ದೇಹವಿಲ್ಲ. ಮತ್ತೊಂದರಲ್ಲಿ ದೇಹವಿದೆ, ಹೆಸರಿಲ್ಲ. ಪತ್ತೆದಾರಿಕೆಯೆಂಬುದರ ಬಹುಭಾಗ ಈ ಎರಡು ಬಗೆಯ ಕಾಗದಗಳನ್ನು ಪರಸ್ಪರ ಹೊಂದಿಸಿ ನೋಡುವ ಗುಮಾಸ್ತೆಯ ಕೆಲಸ. ಒಂದು ಠಾಣೆಯ ಕಾಗದ ಒಂದು ಜಿಲ್ಲೆಯಲ್ಲಿ, ಇನ್ನೊಂದರ ಕಾಗದ ಇನ್ನೊಂದು ಜಿಲ್ಲೆಯಲ್ಲಿ ಉಳಿದುಬಿಟ್ಟರೆ ಅವು ಕೂಡುವುದೇ ಇಲ್ಲ. ಈಗ ಗಣಕಯಂತ್ರದ ಜಾಲ ಬಂದು ಠಾಣೆಗಳನ್ನು ಬೆಸೆದಿದೆ; ಮೂಳೆ ಹಲ್ಲುಗಳಿಂದ ತೆಗೆದ ಡಿಎನ್‌ಎಯನ್ನು ರಕ್ತಸಂಬಂಧಿಗಳದರೊಡನೆ ತಾಳೆ ನೋಡುವ ವಿದ್ಯೆ ಬಂದಿದೆ. ಆದರೂ ತಾಳೆ ನೋಡಲು ಎರಡನೆಯ ಕಾಗದವಿರಬೇಕು; ಯಾರೋ ಒಬ್ಬರು ಠಾಣೆಗೆ ಬಂದು ‘ನಮ್ಮವರು ಕಾಣುತ್ತಿಲ್ಲ’ ಎಂದು ಹೇಳಿರಬೇಕು.

ಹೇಳುವವರೇ ಇಲ್ಲದಿದ್ದರೆ?

೨೦೨೩ರ ಡಿಸೆಂಬರ್ ೨೮ರಂದು ಚಿತ್ರದುರ್ಗ ನಗರದ ಮನೆಯೊಂದರೊಳಗೆ ಐದು ಅಸ್ಥಿಪಂಜರಗಳು ದೊರೆತವು. ಊರಾಚೆಯ ಪಾಳುಮನೆಯಲ್ಲ, ಜನ ದಿನವೂ ಓಡಾಡುವ ದಾರಿಯ ಪಕ್ಕದ ಮನೆ. ಒಂದೇ ಕುಟುಂಬದ ವೃದ್ಧ ತಂದೆತಾಯಿ, ಅವರೊಡನಿದ್ದ ವಯಸ್ಕ ಮಕ್ಕಳು. ಆ ಸುದ್ದಿ ಆಗ ದೇಶಾದ್ಯಂತ ಪತ್ರಿಕೆಗಳಲ್ಲಿ ಬಂದಿತು. ಅವರ ಹೆಸರುಗಳನ್ನು ಇಲ್ಲಿ ಮತ್ತೆ ಬರೆಯುವುದು ನನಗೆ ಬೇಡವೆನಿಸಿದೆ. ನೆರೆಯವರು ಅವರನ್ನು ಕಡೆಯ ಸಲ ಕಂಡದ್ದು ೨೦೧೯ರ ಜೂನ್-ಜುಲೈ ಸುಮಾರಿಗೆ. ಯಾರೊಡನೆಯೂ ಹೆಚ್ಚಿನ ಬಳಕೆಯಿಟ್ಟುಕೊಳ್ಳದೆ ತಮ್ಮಷ್ಟಕ್ಕೆ ತಾವಿದ್ದವರು, ಕಾಯಿಲೆಗಳಿಂದ ಬಳಲುತ್ತಿದ್ದವರು ಎಂದು ಬಂಧುಗಳೂ ನೆರೆಹೊರೆಯವರೂ ಹೇಳಿದರು. ಮನೆಯ ಮುಂಬಾಗಿಲು ಮುರಿದಿರುವುದನ್ನು ಎರಡು ತಿಂಗಳ ಹಿಂದೆಯೇ ಬೆಳಗಿನ ವಾಯುಸೇವನೆಗೆ ಹೋಗುವವರು ಗಮನಿಸಿದ್ದರು. ಆ ಮಾತು ಠಾಣೆಯವರೆಗೆ ಹೋಗಿರಲಿಲ್ಲ.

ಲೆಕ್ಕ ಹಾಕಿದರೆ ನಾಲ್ಕೂವರೆ ವರ್ಷ. ಈ ಅವಧಿಯೊಳಗೆ ೨೦೨೦-೨೧ರ ಮಹಾಮಾರಿಯ ಕಾಲವೂ ಬಂದುಹೋಯಿತು. ಎಲ್ಲರ ಮನೆಯ ಬಾಗಿಲೂ ಮುಚ್ಚಿದ್ದ ದಿನಗಳಲ್ಲಿ ಒಂದು ಮನೆಯ ಬಾಗಿಲು ಮುಚ್ಚಿದ್ದರೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆಮೇಲೆ ಉಳಿದ ಬಾಗಿಲುಗಳು ತೆರೆದವು. ಅವರು ಬೇರೆ ಊರಿನಲ್ಲಿ ಮಗನ ಮನೆಗೋ ವೃದ್ಧಾಶ್ರಮಕ್ಕೋ ಹೋಗಿರಬೇಕೆಂದು ಒಬ್ಬೊಬ್ಬರೂ ತಮತಮಗೆ ಹೇಳಿಕೊಂಡಿರಬಹುದು. ನಮ್ಮ ಬೀದಿಯಲ್ಲಿಯೂ ನಾವು ಹಾಗೆಯೇ ಹೇಳಿಕೊಳ್ಳುತ್ತೇವಲ್ಲವೆ? ಪೊಲೀಸರ ಮಾತಿಗೂ ನ್ಯಾಯವೈದ್ಯಕೀಯ ಪರೀಕ್ಷೆಗೂ ಸೇರಿದ ಪ್ರಶ್ನೆಗಳನ್ನು ನಾನು ಇಲ್ಲಿ ಎತ್ತುವುದಿಲ್ಲ. ನನ್ನನ್ನು ಕಾಡುವ ಸಂಗತಿ ಬೇರೆ. ಆ ಐವರು ಈ ನಾಲ್ಕೂವರೆ ವರ್ಷ ‘ಕಾಣೆಯಾಗಿ’ರಲಿಲ್ಲ. ಅವರು ತಮ್ಮ ಮನೆಯಲ್ಲಿಯೇ ಇದ್ದರು. ದುಂಡುಮುಖ, ಸಾಧಾರಣ ಮೈಕಟ್ಟು ಎಂಬ ಆರು ಸಾಲು ಅವರಿಗಾಗಿ ಅಚ್ಚಾಗಲಿಲ್ಲ, ಏಕೆಂದರೆ ‘ಕಾಣೆ’ ಎನ್ನುವ ಉತ್ತಮಪುರುಷನೊಬ್ಬ ಅವರಿಗೆ ಒದಗಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಷ್ಟ ಕಾಯುವವರದು. ಹೋದವನು ಸತ್ತನೆಂಬುದಕ್ಕೆ ದೇಹವಿಲ್ಲ, ಬದುಕಿದ್ದಾನೆಂಬುದಕ್ಕೆ ಪತ್ರವಿಲ್ಲ. ಹೆಂಡತಿ ಮುತ್ತೈದೆಯೋ ಅಲ್ಲವೋ, ಪಹಣಿಯಲ್ಲಿ ಹೆಸರು ಬದಲಾಗಬಹುದೋ ಇಲ್ಲವೋ, ವಿಮೆಯ ಹಣ ಬರುವುದೋ ಬಾರದೋ. ೧೮೭೨ರ ಸಾಕ್ಷ್ಯ ಅಧಿನಿಯಮ ಇದಕ್ಕೆ ಒಂದು ಗಡುವನ್ನು ಗೊತ್ತುಮಾಡಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ ೧೧೧ನೆಯ ಪ್ರಕರಣದಲ್ಲಿ ಅದನ್ನೇ ಉಳಿಸಿಕೊಂಡಿದೆ. ಬದುಕಿದ್ದರೆ ಸಹಜವಾಗಿ ಯಾರ ಕಿವಿಗೆ ಅವನ ಸುದ್ದಿ ಬೀಳಬೇಕಾಗಿತ್ತೋ ಅಂಥವರಿಗೆ ಏಳು ವರ್ಷ ಸುದ್ದಿಯಿಲ್ಲವಾದರೆ, ಅವನು ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆನ್ನುವವನ ಮೇಲೆ ಬೀಳುತ್ತದೆ. ಈ ಏಳರ ಲೆಕ್ಕ ಹದಿನೇಳನೆಯ ಶತಮಾನದ ಇಂಗ್ಲೆಂಡಿನದು. ೧೬೦೪ರ ದ್ವಿಪತ್ನೀತ್ವದ ಕಾನೂನಿನಲ್ಲಿಯೂ, ಕಡಲಾಚೆಗೆ ಹೋಗಿ ಮರಳದವರ ಜಮೀನಿನ ಬಗೆಗೆ ೧೬೬೬ರಲ್ಲಿ ಮಾಡಿದ ಕಾನೂನಿನಲ್ಲಿಯೂ ಅದಿದೆ. ಹಡಗು ಹತ್ತಿ ಹೋದವನಿಗಾಗಿ ಕಟ್ಟಿದ ಲೆಕ್ಕ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದವನಿಗೂ ಸಲ್ಲುತ್ತಿದೆ.

ನಮ್ಮ ಸ್ಮೃತಿಕಾರರೂ ಈ ಪ್ರಶ್ನೆಯನ್ನು ಎದುರಿಸಿದವರೇ. ಗಂಡನು ಧರ್ಮಕಾರ್ಯಕ್ಕಾಗಿ ಹೋಗಿದ್ದರೆ ಎಂಟು ವರ್ಷ, ವಿದ್ಯೆಗೋ ಕೀರ್ತಿಗೋ ಆದರೆ ಆರು, ಕಾಮಕ್ಕಾಗಿಯಾದರೆ ಮೂರು ವರ್ಷ ಕಾಯಬೇಕೆನ್ನುತ್ತಾನೆ ಮನು. ಕಾದ ಮೇಲೆ ಅವಳೇನು ಮಾಡಬೇಕೆಂಬುದನ್ನು ಹೇಳದೆ ಸುಮ್ಮನಾಗುತ್ತಾನೆ. ಟೀಕಾಕಾರರು ಆ ಮೌನವನ್ನು ತಮತಮಗೆ ತೋಚಿದಂತೆ ತುಂಬಿದರು. ನಾರದಸ್ಮೃತಿಯದು ನೇರವಾದ ಮಾತು: ಬ್ರಾಹ್ಮಣಸ್ತ್ರೀ ಎಂಟು ವರ್ಷ, ಮಕ್ಕಳಿಲ್ಲದಿದ್ದರೆ ನಾಲ್ಕು ವರ್ಷ ಕಾದು ಬೇರೊಬ್ಬನನ್ನು ಆಶ್ರಯಿಸಬಹುದು, ಕ್ಷತ್ರಿಯ, ವೈಶ್ಯ ಸ್ತ್ರೀಯರಿಗೆ ಗಡುವು ಕ್ರಮವಾಗಿ ಕಡಿಮೆ, ಶೂದ್ರಸ್ತ್ರೀಗೆ ಕಾಲನಿಯಮವೇ ಇಲ್ಲ. ಕೊನೆಯ ಮಾತನ್ನು ಅನಾದರದಿಂದ ಹೇಳಿದ್ದಿರಬಹುದು. ಆದರೆ ಅದರ ಫಲವನ್ನು ನೋಡಿದರೆ ನಾಲ್ವರಲ್ಲಿ ಹೆಚ್ಚು ಸ್ವತಂತ್ರಳಾದವಳು ಅವಳೇ. ನಮ್ಮ ಬಯಲುಸೀಮೆಯ ಅನೇಕ ಸಮುದಾಯಗಳು ಯಾವ ಸ್ಮೃತಿಯನ್ನೂ ಕೇಳದೆ ಕೂಡಿಕೆಯ ಪದ್ಧತಿಯಿಂದ ಇದನ್ನು ಬಗೆಹರಿಸಿಕೊಂಡಿದ್ದವು. ೧೯೫೫ರ ಹಿಂದೂ ವಿವಾಹ ಅಧಿನಿಯಮ ಏಳು ವರ್ಷದ ಅಜ್ಞಾತವನ್ನು ವಿಚ್ಛೇದನಕ್ಕೆ ಒಂದು ಕಾರಣವೆಂದು ಒಪ್ಪಿತು.

ಏಳು ವರ್ಷ ಮುಗಿದೊಡನೆ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ಜೀವವಿಮಾ ನಿಗಮದ ವಿರುದ್ಧ ಒಬ್ಬ ಹೆಣ್ಣುಮಗಳು ಹೂಡಿದ್ದ ಮೊಕದ್ದಮೆಯಲ್ಲಿ ೨೦೦೪ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇದು: ಸತ್ತಿದ್ದಾನೆಂದು ಭಾವಿಸಬಹುದು, ಆದರೆ ಎಂದು ಸತ್ತನೆಂದು ಭಾವಿಸಲಾಗದು, ಆ ಭಾವನೆಯೂ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಾಗಲಷ್ಟೇ ಹುಟ್ಟುತ್ತದೆ. ಅಂದರೆ ಕಾಣೆಯಾದ ದಿನದಿಂದ ವಿಮೆಯ ಕಂತು ನಿಂತುಹೋಗಿದ್ದರೆ, ಅವನು ಆ ದಿನವೇ ಸತ್ತನೆಂದು ಹೆಂಡತಿ ವಾದಿಸುವಂತಿಲ್ಲ. ತರ್ಕ ನಿರ್ದುಷ್ಟವಾದದ್ದು. ಗಂಡ ಬರುತ್ತಾನೆಂಬ ನಂಬಿಕೆಯಿಂದಲೇ ಏಳು ವರ್ಷವೂ ಕಂತು ಕಟ್ಟುತ್ತಾ ಬಂದವಳಿಗೆ ಮಾತ್ರ ಅವನ ಸಾವಿನ ಫಲ ದೊರೆಯುತ್ತದೆಂಬುದೊಂದೇ ಅದರ ವಿಚಿತ್ರ.

ದುರ್ಗದವರಿಗೆ ಇಂಥ ಅನಿಶ್ಚಯ ಹಳೆಯ ಪರಿಚಯ. ಪಾಳೆಯಗಾರರ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದವರು ಕಡಿಮೆ. ರೈಸ್ ಅವರು ಮೈಸೂರು ಗೆಝೆಟಿಯರಿನಲ್ಲಿ ಹೇಳುವಂತೆ ಮನೆತನದ ಮೂಲಪುರುಷ ತಿಮ್ಮಣ್ಣನಾಯಕನು ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಆಮೇಲೆ ಹಿರಿಯೂರಿನ, ಕಡೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದ; ಅರಸರ ಅವಕೃಪೆಗೆ ಸಿಕ್ಕಿ ವಿಜಯನಗರದಲ್ಲಿ ಸೆರೆಯಲ್ಲೇ ತೀರಿಕೊಂಡ. ಮನೆತನದ ಕಡೆಯವನಾದ ಮದಕರಿನಾಯಕನು ಹೊಸದುರ್ಗದ ಕಡೆಯ ಜಾನಕಲ್ಲಿನಿಂದ ಬಂದವನು. ೧೭೫೪ರಲ್ಲಿ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೇರಿದ. ೧೭೭೯ರಲ್ಲಿ ಹೈದರಲಿ ಕೋಟೆಯನ್ನು ಹಿಡಿದು ಅವನನ್ನು ಕುಟುಂಬಸಮೇತ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದ. ಮುಂದಿನ ಕಥನಗಳು ಒಮ್ಮತಕ್ಕೆ ಬರುವುದಿಲ್ಲ. ಸೆರೆಯಲ್ಲಿ ಸತ್ತನೆನ್ನುವವರುಂಟು, ಕತ್ತಿ ಹಿಡಿದೇ ಬಿದ್ದನೆಂದು ನಂಬಿದವರುಂಟು. ಸಾಮಾನ್ಯನೊಬ್ಬ ಕಾಣೆಯಾದರೆ ಮಾತಾಡುವ ಸಾಕ್ಷಿ ಒಬ್ಬನೂ ಸಿಗುವುದಿಲ್ಲ; ಅರಸನು ಕಾಣೆಯಾದರೆ ಸಾಕ್ಷಿಗಳು ತಲೆಮಾರು ತಲೆಮಾರಿಗೂ ಹುಟ್ಟುತ್ತಲೇ ಇರುತ್ತಾರೆ. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಬರೆದರು, ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ದಾಖಲೆಗಳನ್ನು ಜೀವಮಾನವಿಡೀ ಅರಸಿದರು, ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ಕ್ಕೆ, ಅವರು ತೀರಿಕೊಂಡ ಮೇಲೆ, ೧೯೮೫ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಒಬ್ಬ ನಾಯಕನನ್ನು ಎರಡು ಶತಮಾನಗಳಿಂದ ಇಷ್ಟು ಜನ ಹುಡುಕಿದ್ದಾರೆ.

ಅವನ ಹಿಂದೆ ಹೋದವರ ಕಥೆ ಬೇರೆ. ಕೋಟೆ ಬಿದ್ದ ಮೇಲೆ ಹೈದರಲಿ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರ ಹುಡುಗರನ್ನು ಆರಿಸಿ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಕರ್ನಲ್ ವಿಲ್ಕ್ಸ್ ಬರೆಯುತ್ತಾನೆ. ಅವನು ಲೆಕ್ಕದಲ್ಲಿ ಶಿಸ್ತಿನವನು. ಮುತ್ತಿಗೆಯ ದಿನಗಳಲ್ಲಿ ಬೇಡರು ಪ್ರತಿ ಸೋಮವಾರ ದೇವಿಯನ್ನು ಪೂಜಿಸಿ ಕೋಟೆಯಿಂದ ಹೊರಬಿದ್ದು ಶತ್ರುಗಳ ತಲೆಗಳನ್ನು ತರುತ್ತಿದ್ದರೆಂದೂ, ಗುಡಿಯ ಮುಂದೆ ಅಂಥ ಸುಮಾರು ಎರಡು ಸಾವಿರ ತಲೆಗಳ ಸಣ್ಣ ಸಣ್ಣ ರಾಶಿಗಳಿದ್ದವೆಂದೂ ದಾಖಲೆ ಮಾಡಿದ್ದಾನೆ. ಕಡಿದ ತಲೆಗೂ ಎಣಿಕೆಯಿದೆ, ನಡೆಸಿಕೊಂಡು ಹೋದ ತಲೆಗೂ ಎಣಿಕೆಯಿದೆ. ಹೆಸರು ಎರಡರಲ್ಲಿಯೂ ಇಲ್ಲ. ಚೇಲಾ ಪಡೆಯ ಹುಡುಗರಿಗಂತೂ ಹೊಸ ಹೆಸರು, ಹೊಸ ಮತ, ಹೊಸ ಉಡುಪು. ಹೊಳಲ್ಕೆರೆಯಲ್ಲೋ ಜಾನಕಲ್ಲಿನಲ್ಲೋ ಉಳಿದುಕೊಂಡಿದ್ದ ತಾಯಿ ಯಾವ ಚಹರೆಯನ್ನು ಯಾರಿಗೆ ಹೇಳಿ ಹುಡುಕಿಸಬೇಕಾಗಿತ್ತು? ಅನಂತರದ ದಿನಗಳಲ್ಲಿ ಟೀಪು ಸುಲ್ತಾನನು ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಹಿರಿಯೂರಿಗೆ ನೆರೆಯ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಸಾಗಿಸಿದನೆಂದು ರೈಸ್ ಹೇಳುತ್ತಾರೆ. ಒಂದೇ ದಾರಿಯಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ಎರಡು ಊರುಗಳ ಜನ ನಡೆದುಹೋದರು. ನಮ್ಮ ಪಠ್ಯಪುಸ್ತಕಗಳು ಇದನ್ನು ‘ವಲಸೆ’ಯೆಂದೋ ‘ಸ್ಥಳಾಂತರ’ವೆಂದೋ ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಇಂದಿನ ಠಾಣೆಗೆ ಮರಳಿದರೆ, ಹುಡುಕಾಟ ಫಲಿಸುವ ಸಂದರ್ಭಗಳೂ ಇಲ್ಲದಿಲ್ಲ. ಹೋದವನು ಎಲ್ಲೋ ಒಂದು ಹೋಟೆಲಿನಲ್ಲಿಯೋ ತೋಟದಲ್ಲಿಯೋ ದುಡಿಯುತ್ತಾ ಸಿಗುತ್ತಾನೆ. ಅವನು ವಯಸ್ಕ; ಮನೆಗೆ ಬರಲೊಲ್ಲೆನೆಂದರೆ ಎಳೆದು ತರುವಂತಿಲ್ಲ. ತನ್ನ ಇಚ್ಛೆಯಿಂದಲೇ ಹೋದೆನೆಂಬ ಹೇಳಿಕೆಯನ್ನು ಬರೆಸಿಕೊಂಡು, ಸಹಿ ತೆಗೆದುಕೊಂಡು, ಕಡತವನ್ನು ಮುಗಿಸುತ್ತಾರೆ. ದೂರು ಕೊಟ್ಟಿದ್ದವರನ್ನು ಠಾಣೆಗೆ ಕರೆಸಿ, ‘ಬದುಕಿದ್ದಾನೆ’ ಎಂದು ಹೇಳುತ್ತಾರೆ. ಎಲ್ಲಿದ್ದಾನೆ, ಯಾರೊಡನಿದ್ದಾನೆ, ಏಕೆ ಹೋದ ಎಂಬುದನ್ನು ಅವನು ಹೇಳಬೇಡಿರೆಂದಿದ್ದರೆ, ಆ ಒಂದು ಮಾತನ್ನಷ್ಟೇ ತೆಗೆದುಕೊಂಡು ಅವರು ಹೊಸದುರ್ಗದ ಕಡೆಯ ಬಸ್ಸು ಹತ್ತುತ್ತಾರೆ.